ಗೆರೆಗಿಂತ ನಾಲ್ಕು ಇಂಚು ಮೇಲೆ

೧೮-೨-೧೯೮೪, ಶನಿವಾರ
ಆಲಸನತ್ತಂ

ಹೊಸ ಅಡಿಗೆಮನೆಯಲ್ಲಿ ಸ್ಟೌ ಇಡುವ ಕಡಪ ಕಲ್ಲು ಕೂರಿಸಿಯಾಯಿತು, ಆದರೆ ನಾನು ಹೇಳಿದ ಎತ್ತರಕ್ಕಲ್ಲ. ಕೆಲಸದ ಮೇಜು ಮೊಣಕೈಗಿಂತ ಸ್ವಲ್ಪ ಕೆಳಗಿದ್ದರೆ ಬೆನ್ನು ಬಗ್ಗುವುದಿಲ್ಲವೆಂದು ಫ್ಯಾಕ್ಟರಿಯ ಸೇಫ್ಟಿ ಕ್ಲಾಸಿನಲ್ಲಿ ಹೇಳಿದ್ದರು. ಹತ್ತು ವರ್ಷ ನೆಲದ ಒಲೆಗೆ ಬಗ್ಗಿ, ಅನ್ನದ ತಪ್ಪಲೆ ಎತ್ತಿ ಇಳಿಸಿ ನನ್ನ ಹೆಂಡತಿ ಚೆಲುವಿಯ ಸೊಂಟ ಹಿಡಿದುಹೋಗಿದೆ. ಅದಕ್ಕೇ ಮೊನ್ನೆ ಅವಳನ್ನು ಗೋಡೆಗೆ ನಿಲ್ಲಿಸಿ, ಅವಳ ಮೊಣಕೈ ನೋಡಿ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದೆ. ಸಂಜೆ ಬಂದು ನೋಡಿದರೆ ಕಲ್ಲು ಗೆರೆಗಿಂತ ನಾಲ್ಕು ಇಂಚು ಮೇಲೆ!

ಮೇಸ್ತ್ರಿ ಮುನಿಸ್ವಾಮಿಯನ್ನು ಚೆನ್ನಾಗಿ ಬೈದೆ.

"ನನ್ಯಾಕೆ ಬೈತೀರ ಸಾರ್? ಅಮ್ಮಾವ್ರೇ ಏರ್ಸು ಅಂದ್ರು," ಎಂದ.

ಚೆಲುವಿ ಹಿತ್ತಿಲ ಬಾಗಿಲಲ್ಲೇ ನಿಂತಿದ್ದಳು. "ತಿಂಗ್ಳಲ್ಲಿ ಮೂರು ದಿನ ನಾನು ಹೊರಗೆ ಕೂತಿರ್ತೀನಲ್ಲ. ಬೆನ್ನು ಉಳುಕಿಸ್ಕೊಂಡಿರೋ ನೀವು ಒಲೆ ಮುಂದೆ ಬಗ್ಗಿ, ಸೊಂಟ ಹಿಡ್ಕೊಂಡು ಏಳ್ತೀರ. ಅಲ್ಲಿಂದಾನೇ ನೋಡ್ತಿರ್ತೀನಿ. ಕಲ್ಲು ನಿಮ್ಮ ಮೊಣಕೈಗೇ ಇರ್ಲಿ," ಎಂದಳು.

ಮಿಕ್ಕ ದಿನವೆಲ್ಲ ನೀನು ಭುಜ ಎತ್ತಿಕೊಂಡೇ ಸೌಟಾಡಿಸುತ್ತೀಯಾ ಎಂದು ರೇಗಬೇಕೆಂದಿದ್ದೆ. ಸಿಮೆಂಟು ಇನ್ನೂ ಹಸಿಯಿತ್ತು, ಕಲ್ಲು ಇಳಿಸು ಎಂದು ಮೇಸ್ತ್ರಿಗೆ ಹೇಳಬಹುದಿತ್ತು. ಹೇಳಲಿಲ್ಲ.

ನಾಳೆ ರಜ. ಅವಳು ನಿಂತು ಅಡಿಗೆ ಮಾಡಲು ನಾಲ್ಕು ಇಂಚು ಎತ್ತರದ, ಅಗಲವಾದ ಮಣೆಯೊಂದನ್ನು ಮಾಡಬೇಕು. ಆ ಮೂರು ದಿನ ಮಣೆ ಗೋಡೆಗೆ ಒರಗಿರಲಿ. ನಾನು ನೆಟ್ಟಗೆ ನಿಂತು ಸಾರು ಕುದಿಸುವುದನ್ನು ಅವಳು ಹೊರಗಿನಿಂದ ನೋಡಲಿ.