ಹದಿನೇಳನೆಯ ನುಸಿ

ಜೂನ್ 9, ಸೋಮವಾರ

ಕೂಡ್ಲಿಗಿಯಿಂದ ಬಸ್ಸಿನಲ್ಲಿ ನಿಂತೇ ಬಂದೆ. ಕೊಟ್ಟೂರಿನ ಕಾಲೇಜ್ ಲ್ಯಾಬ್, ಅದೇ ಟ್ರೇ. ಗುಜರಾತಿನ ಗಣಿಯ ಅಂಬರ್ — ಕೋಟ್ಯಂತರ ವರ್ಷದ ಹಿಂದಿನ ಮರದ ಅಂಟು, ಕಲ್ಲಾಗಿದೆ. ಒಳಗೆ ಸಿಕ್ಕಿಬಿದ್ದ ಹುಳಗಳನ್ನು ಜಾತಿವಾರು ಬೇರೆ ಮಾಡುವುದು ನನ್ನ, ಮೆಹನಾಜಳ ಕೆಲಸ. ಇಬ್ಬರೂ ಗೆಸ್ಟ್ ಲೆಕ್ಚರರ್. ಇವತ್ತು ಇಪ್ಪತ್ತು ತುಂಡು ನೋಡಿದೆ. ಹದಿನೇಳನೆಯದು ನಮ್ಮ ಮನೆಯ ಜೋಳದ ಡಬ್ಬಿಯಲ್ಲಿರುವಂಥದ್ದೇ. ರಿಜಿಸ್ಟರಿನಲ್ಲಿ ಬರೆದೆ: "17 — ನುಸಿ. ಬೇಡ."

ಜೂನ್ 12

ಬೇಡವೆಂದು ಎತ್ತಿಟ್ಟ ಹದಿನೇಳನ್ನು ಮೆಹನಾಜ ನೋಡಿದ್ದಾಳೆ. ಹುಳದ ಮೀಸೆಯಲ್ಲಿ ಹನ್ನೆರಡು ಗೆಣ್ಣಂತೆ. ಈ ಗುಂಪಿಗೆ ಇರುವುದು ಹನ್ನೊಂದೇ. ಹಾಗಾಗಿ ಹೊಸ ಜಾತಿ. ನಮ್ಮ ವಿಭಾಗದ ಮುಖ್ಯಸ್ಥರು ಉಚ್ಚಂಗೆಪ್ಪ ಸರ್ ಸ್ಟಾಫ್ ರೂಮಿಗೆಲ್ಲ ಮಂಡಕ್ಕಿ ಮಿರ್ಚಿ ತರಿಸಿದರು.

"ಕಣ್ಣು ಅಂದ್ರ ಇಂಥಾವು ಇರಬೇಕ್ರಿ" ಎಂದರು. ನನ್ನ ಕಡೆ ನೋಡಿಯೇ ಎಂದರು.

ನಾನೂ ಮೂರು ಮಿರ್ಚಿ ತಿಂದೆ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ... ಹೊಟ್ಟೆ ಉರಿಯುತ್ತಿದೆ. ಇಲ್ಲಿ ಬರೆಯಲು ನಾಚಿಕೆ ಯಾಕೆ.

ಜೂನ್ 23, ಮಧ್ಯಾಹ್ನ 1.30

ಮೆಹನಾಜ ಊಟಕ್ಕೆ ಹೋಗಿದ್ದಳು. ಹದಿನೇಳನ್ನು ಲೆನ್ಸ್ ಕೆಳಗೆ ಓರೆ ಮಾಡಿ ನೋಡಿದೆ. ಎಂಟನೆಯದು ಗೆಣ್ಣೇ ಅಲ್ಲ — ಅಂಟಿನೊಳಗೆ ಸಿಕ್ಕ ಗಾಳಿಗುಳ್ಳೆ. ಇರುವುದು ಹನ್ನೊಂದೇ. ಹಳೆಯ ಜಾತಿ.

ಬಂದಳು. "ಲೇ ರೋಜಾ, ನೀನೂ ಒಂದ್ಸಲ ಎಣಸಲೇ. ನಾಳಿ ಸರ್ ಜರ್ನಲ್‌ಗೆ ಪೇಪರ್ ಕಳಸ್ತಾರ. ನಿನ್ನ ಕಣ್ಣಿನ ಮ್ಯಾಲೆ ನಂಗ ಭರೋಸಾ ಐತಿ."

"ಎಣಿಸೀನಿ. ಹನ್ನೆರಡೇ ಅದಾವ" ಎಂದೆ.

ಕಳಿಸಲಿ. ತಿಳಿದವರು ನೋಡಿ ನಗಲಿ.

ಜೂನ್ 24, ಬೆಳಿಗ್ಗೆ 10

ಮೆಹನಾಜ ಪೇಪರಿನ ಪ್ರಿಂಟ್ ತಂದುಕೊಟ್ಟಳು. ಹೊಸ ಹುಳಕ್ಕೆ ಇಟ್ಟ ಹೆಸರು — ‘ನುಸಿ’. ಬರೆದವರ ಸಾಲಿನಲ್ಲಿ ಮೊದಲು ನಾನು, ಆಮೇಲೆ ಅವಳು.

"ಇದ್ಯಾಕಲೇ?"

"ರಿಜಿಸ್ಟರ್‌ನಾಗ ನುಸಿ ಅಂತ ಮೊದ್ಲು ಬರೆದಾಕಿ ನೀನು. ಹೆಸರಿಟ್ಟಾಕಿ ನೀನು, ನಾ ಬರೇ ಮೀಸಿ ಎಣಿಸೀನಿ." ನಕ್ಕಳು. "‘ಬೇಡ’ ಅನ್ನೋದೊಂದು ಬಿಟ್ಟೀನಿ ನೋಡು."

ನನಗೆ ನಗಲಾಗಲಿಲ್ಲ.

1.50

ಸರ್ ಕಂಪ್ಯೂಟರ್ ಮುಂದೆ ಕೂತಿದ್ದಾರೆ. ಎರಡಕ್ಕೆ ಕಳಿಸುತ್ತಾರೆ. ಗುಳ್ಳೆ ಎಂದು ಹೇಳಿದರೆ, ನಿನ್ನೆ ಹನ್ನೆರಡು ಎಂದದ್ದು ಯಾಕೆ ಎಂಬುದನ್ನೂ ಹೇಳಬೇಕು. ಹೇಳದಿದ್ದರೆ ಆ ಸುಳ್ಳಿನ ಮೇಲೆ ಮೊದಲ ಹೆಸರು ನನ್ನದು. ಅದರ ಕೆಳಗೆ ಅವಳದು... ಪಾಪ, ಅವಳದೂ.

"ಬಾರಲೇ, ಬಟನ್ ನೀನೇ ಒತ್ತು" ಎಂದು ಮೆಹನಾಜ ಕೈ ಮಾಡಿ ಕರೆಯುತ್ತಿದ್ದಾಳೆ. ಏಳಬೇಕು. ‘ಎಂಟನೇ ಗೆಣ್ಣು’ ಎಂದು ಶುರು ಮಾಡಿಬಿಟ್ಟರೆ ಮುಂದಿನ ಮಾತು ತಾನಾಗಿ ಬರುತ್ತದೆ...