ಪುಕ್ಕಟೆ ಹಾಕಿಕೊಡುವ ಆ್ಯಡ್ ಬ್ಲಾಕರ್

ಅಣ್ಣಾ,
ನೀನು ಗೊರಕೆ ಹೊಡೆಯುತ್ತಿರುವಾಗಲೇ ನಿನ್ನ ಫೋನಿನ ಆ್ಯಡ್ ಬ್ಲಾಕರ್ ಕಿತ್ತುಹಾಕಿದ್ದೇನೆ. ಅವ್ವನದೂ ಆಯಿತು. ಇಳಕಲ್ ಬಸ್ಸಿಗೆ ಹೊತ್ತಾಯಿತು, ಉಳಿದದ್ದು ನಿನ್ನ ಕೆಲಸ.

ನಿನ್ನ ಮೊಬೈಲ್ ಅಂಗಡಿಗೆ ಬಂದವರಿಗೆಲ್ಲ, “ನಮ್ಮ ರೋಹಿಣಿ ಬ್ಯಾರೆ ಭಾಷಿ ಕತಿ ಕನ್ನಡಕ್ಕ ತರ್ತಾಳ, ಓದ್ರಿ” ಅಂತ ನನ್ನ ಸೈಟ್ ತೆರೆದುಕೊಡುತ್ತೀಯ. ಬೆನ್ನಿಗೇ, “ಜಾಹೀರಾತಿನ ಕಾಟ ಯಾಕ್ರಿ?” ಅಂತ ಬ್ಲಾಕರ್ ಪುಕ್ಕಟೆ ಹಾಕಿಕೊಡುತ್ತೀಯ. ಸೈಟ್ ನಡೆಯುವುದೇ ಆ ಜಾಹೀರಾತಿನಿಂದ! ಓದುವವರು ಹೆಚ್ಚಿದರು, ಗಳಿಕೆ ನಿಂತಿತು. ಈ ತಿಂಗಳು ಸರ್ವರ್ ಬಾಡಿಗೆ ಕಟ್ಟದಿದ್ದರೆ ಸೈಟೇ ಮುಚ್ಚುತ್ತದೆ.

ಬಂದ ಗಿರಾಕಿಗಳ ಫೋನಿನಲ್ಲಿ ನನ್ನ ಸೈಟಿಗೆ ಬ್ಲಾಕರ್ ಬಂದ್ ಮಾಡು. ನಾಚಿಕೆಯಾದರೆ ಆಗಲಿ.

ರೊಟ್ಟಿ ಬುಟ್ಟಿಯಲ್ಲಿವೆ. ಪಲ್ಯ ಬಿಸಿ ಮಾಡಿಕೊಂಡು ತಿನ್ನು.

ರಾತ್ರಿ, “ಬಾಡಿಗಿ ನಾ ಕೊಡ್ತೇನಿ, ಸಿಟ್ಟು ಬಿಡು” ಅಂದು ರೊಕ್ಕ ಇಟ್ಟೆಯಲ್ಲ, ಟಿವಿ ಮೇಲೆಯೇ ಇದೆ. ನಾನು ಮುಟ್ಟುವುದಿಲ್ಲ.