ಎಡತೋಳಿಗೆ ಹತ್ತು ಕುಣಿಕೆ ಹೆಚ್ಚು

ಡಿಸೆಂಬರ್ 4, ಬುಧವಾರ

ಬೆಳಗಿನ ವ್ಯಾಯಾಮ ಆಯಿತು. ಗೋಡೆಯ ಮೇಲೆ ಎಡಗೈ ಬೆರಳು ಹತ್ತಿಸುತ್ತ ಹೋಗುವುದು, ನಿಂತಲ್ಲಿ ಪೆನ್ಸಿಲ್ ಗೆರೆ. ನಿನ್ನೆಗಿಂತ ಅರ್ಧ ಇಂಚು ಮೇಲೆ. ಟೇಪಿನಲ್ಲಿ ಅಳೆದೆ. ಎಡತೋಳು ಮೂವತ್ತೊಂದು ಸೆಂಟಿಮೀಟರ್, ಬಲತೋಳು ಇಪ್ಪತ್ತೇಳು. ಆಗಸ್ಟ್‌ನಲ್ಲಿ ಎಡ ಸ್ತನ ತೆಗೆದ ಮೇಲೆ ಶುರುವಾದ ಬಾವು. ಇಳಿಯಬಹುದು, ಇಳಿಯದೆಯೂ ಇರಬಹುದು ಎಂದಿದ್ದಾರೆ ಡಾಕ್ಟರು.

ತಂಗಿ ಭಾಗ್ಯ ಎರಡು ರೆಡಿಮೇಡ್ ಸ್ವೆಟರ್ ತಂದಳು. ತಲೆಯ ಮೇಲಿಂದ ಹಾಕುವುದಕ್ಕೆ ಕೈ ಏಳಲಿಲ್ಲ. ಗುಂಡಿಯದು ಮೊಣಕೈ ದಾಟಲಿಲ್ಲ.

ಜನವರಿ ಆರಕ್ಕೆ ಕೆಲಸಕ್ಕೆ ಹಾಜರಾಗುತ್ತೇನೆಂದು ಕಾಲೇಜಿಗೆ ಬರೆದುಕೊಟ್ಟಾಗಿದೆ. ದುರ್ಗದಿಂದ ಹೊಳಲ್ಕೆರೆಗೆ ಏಳೂವರೆ ಬಸ್ಸು, ಆ ಚಳಿ, ಆಮೇಲೆ ಲೈಬ್ರರಿಯಲ್ಲಿ ಇಡೀ ದಿನ ಎಲ್ಲರ ಕಣ್ಣೆದುರು. ಶಾಲು ಹೊದ್ದರೆ ಒಂದು ಕೈ ಶಾಲಿಗೇ ಬೇಕು. ಇನ್ನೂ ಮೂರು ತಿಂಗಳು ರಜೆ ಕೇಳಬಹುದು. ಕೇಳಿದರೆ ಮತ್ತೆ ಹೋಗುವುದಿಲ್ಲ — ನನ್ನ ಬಗ್ಗೆ ನನಗೆ ಅಷ್ಟು ಗೊತ್ತು.

ಡಿಸೆಂಬರ್ 6, ಶುಕ್ರವಾರ

ಎದುರುಮನೆಯ ಬರಗೇರಮ್ಮ ಬಂದು ಕೂತರು. ಭಾಗ್ಯಳೇ ಹೇಳಿರಬೇಕು. ಬಬ್ಬೂರು ಫಾರಂನಲ್ಲಿ ಮೂವತ್ತು ವರ್ಷ ಕಳೆ ಕಿತ್ತವರು. ಹೆಣಿಗೆ ಕಲಿತದ್ದು ಅಲ್ಲಿನ ಆಫೀಸರೊಬ್ಬರ ಹೆಂಡತಿಯಿಂದ.

"ಕೈ ಕೊಡ್ರಿ ಇಲ್ಲಿ, ಅನುಸೂಯಮ್ಮ. ನಾನೇನು ಕಿತ್ಕಂಡು ಹೋಗಲ್ಲ."

ಕೊಟ್ಟೆ. ನನ್ನ ಟೇಪು ಬೇಡವೆಂದು ಗೇಣು ಹಾಕಿ ಅಳೆದರು.

"ಮುಂದೆ ಗುಂಡಿ ಇರೋದು ಹಾಕ್ತೀನಿ. ಕುತ್ತಿಗೆಯಿಂದ ಕೆಳಕ್ಕೆ, ಒಂದೇ ತುಂಡು. ಆವಾಗಾವಾಗ ನಿಮ್ಮ ಮೈಮೇಲೆ ಇಟ್ಟು ನೋಡ್ಕಂತ ಹೋಗ್ಬೌದು."

ಅಂದರೆ ಕಾರ್ಡಿಗನ್. ಅನುವಾದದ ಕಾದಂಬರಿಗಳಲ್ಲಿ ಹೆಂಗಸರೆಲ್ಲ ತೊಡುವುದು ಅದನ್ನೇ. ಇಪ್ಪತ್ತು ವರ್ಷದಿಂದ ಓದುತ್ತಿದ್ದೇನೆ; ನನಗೂ ಒಂದು ಬರುತ್ತದೆಂದು ಎಣಿಸಿರಲಿಲ್ಲ.

ಮೈಮೇಲೆ ಇಟ್ಟು ನೋಡುವುದು... ಆ ಮಾತು ಮಾತ್ರ ಸರಿಬರಲಿಲ್ಲ. ಇದುವರೆಗೆ ಭಾಗ್ಯಳಿಗೂ ತೋರಿಸಿಲ್ಲ.

ಡಿಸೆಂಬರ್ 12, ಗುರುವಾರ

ಕಂದು ಬಣ್ಣದ ಉಲ್ಲನ್. ಸದ್ಯಕ್ಕೆ ಒಂದು ದೊಡ್ಡ ಕಾಲರಿನಂತಿದೆ. ಕುತ್ತಿಗೆಯಿಂದ ನಾಲ್ಕು ಗೆರೆ ಓರೆಯಾಗಿ ಇಳಿದಿವೆ. ಸಾಲು ಬಿಟ್ಟು ಸಾಲು ಅವುಗಳ ಎರಡೂ ಬದಿಗೆ ಒಂದೊಂದು ಕುಣಿಕೆ ಹೆಚ್ಚುತ್ತದೆ. ಎಡತೋಳಿಗೆ ಮಾತ್ರ ಹತ್ತು ಕುಣಿಕೆ ಜಾಸ್ತಿ. ಎಡ ಎದೆಗೆ ಆರು ಕಮ್ಮಿ. ಅವರು ಎಲ್ಲೂ ಬರೆದುಕೊಂಡಿಲ್ಲ. ಎರಡು ಸಲ ಎಣಿಸಿದೆ — ತಪ್ಪಿಲ್ಲ.

ನೈಟಿಯ ಮೇಲೆ ಇಟ್ಟು ನೋಡಿದರು. ಕಣ್ಣು ಮುಚ್ಚಿಕೊಂಡಿದ್ದೆ. ಅವರ ಬೆರಳು ಎಡಗಡೆ ಬಂದಾಗ ನಿಧಾನವಾಗಲಿಲ್ಲ, ಅವಸರಿಸಲೂ ಇಲ್ಲ. ಬಲಗಡೆ ಹೇಗೋ ಹಾಗೇ.

"ಎಡಕ್ಕೂ ಬಲದಷ್ಟೇ ಬಿಡಿ. ಒಳಗೆ ಏನಾದರೂ ತುರುಕಿಕೊಂಡರಾಯಿತು" ಎಂದೆ.

"ಬಸ್ನಾಗೆ ಅದು ಜಾರಿದ್ರೆ ಕಂಡಕ್ಟರ್ ಎತ್ತಿ ಕೊಡ್ತಾನಾ? ಇರೋ ಮೈಗೆ ಹಾಕ್ತೀನಿ ಕಣ್ರಿ. ಆಮೇಲೆ ನಿಮ್ಮಿಷ್ಟ."

ನಕ್ಕುಬಿಟ್ಟೆ. ಆಗಸ್ಟ್ ನಂತರ ಮೊದಲ ಸಲ ಇರಬೇಕು.

ಡಿಸೆಂಬರ್ 22, ಭಾನುವಾರ

ತೋಳಿನ ಕುಣಿಕೆಗಳನ್ನು ಬೇರೆ ದಾರಕ್ಕೆ ಪೋಣಿಸಿಟ್ಟು, ಮೈಭಾಗವನ್ನು ಸೊಂಟದವರೆಗೆ ಇಳಿಸಿದ್ದಾರೆ. ಪಕ್ಕದಲ್ಲಿ ಹೊಲಿಗೆಯೇ ಇಲ್ಲ. ನೈಟಿಯ ಮೇಲೆ ಹಾಕಿದರೆ ಅಳತೆ ಕರಾರುವಾಕ್ಕು.

ಹೊರಟವರು ಬಾಗಿಲಲ್ಲಿ ನಿಂತರು.

"ಕಾಲೇಜಿಗೆ ಏನ್ ಉಡ್ತೀರಿ?"

"ಸೀರೆ."

"ಅಯ್ಯೋ ನನ್ನ ಬುದ್ಧಿಗಿಷ್ಟು! ಇದ್ರಾಗೆ ಸೆರಗಿಗೆ ಜಾಗ ಎಲ್ಲೈತೆ?"

ಎಡ ಹೆಗಲ ಮೇಲೆ ಐದು ಮಡಿಕೆಯ ಸೆರಗು, ಪಿನ್ನು. ಅವರು ಮರೆತಿದ್ದರು. ನಾನು ಮರೆತದ್ದಲ್ಲ; ನೆನೆಸಿಕೊಳ್ಳದೆ ಇದ್ದೆ. ಆಗಸ್ಟ್‌ನಿಂದ ಸೀರೆ ಉಟ್ಟಿಲ್ಲ.

"ಉಟ್ಕಂಡು ಬಾರವ್ವ. ನೋಡಾಣ."

ಇದುವರೆಗೆ ಕೊಡ್ರಿ, ನೋಡ್ರಿ. ಇವತ್ತು ಬಾರವ್ವ. ಒಳಗೆ ಹೋಗಿ ಉಟ್ಟೆ. ಇಪ್ಪತ್ತು ನಿಮಿಷ ಹಿಡಿಯಿತು. ಹೊರಗೆ ಬಂದಾಗ ಬರಗೇರಮ್ಮ ನೋಡಿದ್ದು ಹೆಗಲನ್ನು ಮಾತ್ರ.

ಸೆರಗಿನ ಮೇಲೆ ಸ್ವೆಟರ್ ಹಾಕಿದರೆ ಎಡ ಹೆಗಲಲ್ಲಿ ಬಿಗಿಯಿತು. ಗುಂಡಿಪಟ್ಟಿ ಕೂಡಲಿಲ್ಲ, ಮೂರು ಬೆರಳು ದೂರ.

"ಪುಸ್ತಕ ಮೇಲಿಡೋ ತರ ಕೈ ಎತ್ತು."

ಎತ್ತಿದೆ. ಕಂಕುಳಲ್ಲಿ ಎಳೆಯಿತು.

"ಬಿಚ್ಚಾಣ."

ಹತ್ತು ದಿನದ ಕೆಲಸ. ಉಳಿದಿರುವುದು ಹದಿನೈದು ದಿನ. ಅವರು ದಾರ ಎಳೆಯುತ್ತ ಹೋದರು, ನಾನು ಉಂಡೆ ಸುತ್ತಿದೆ. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಕುತ್ತಿಗೆಯಿಂದ ಒಂದು ಗೇಣು ಕೆಳಗೆ ನಿಲ್ಲಿಸಿದರು.

"ಇಲ್ಲಿಗಂಟ ಸರಿ ಐತೆ. ಸರಿ ಇರೋದನ್ನ ಯಾಕೆ ಬಿಚ್ಚಬೇಕು?"

ನಾನಾಗಿದ್ದರೆ ಇಡೀ ಪುಟ ಹರಿಯುತ್ತಿದ್ದೆ.

ಜನವರಿ 4, ಶನಿವಾರ. ಸಂಜೆ ಐದೂಕಾಲು

ಹದಿಮೂರು ದಿನ ಬರೆದಿಲ್ಲ. ಬೆಳಗ್ಗೆ ಸೀರೆ ಉಡುವುದು, ಎದುರುಮನೆಗೆ ಹೋಗುವುದು, ಅವರು ಕರೆದಾಗೆಲ್ಲ ಎದ್ದು ನಿಲ್ಲುವುದು. ಉಡಲು ಈಗ ಏಳು ನಿಮಿಷ ಸಾಕು. ಎಡ ಎದೆಗೆ ಕಳೆದಿದ್ದ ಆರು ಕುಣಿಕೆ ಸೆರಗಿಗೇ ಬೇಕಾದವು.

ಎಡತೋಳು ಕೊನೆಗೆ ಮುಗಿಯಿತು. ಏಳು ಗುಂಡಿ. ಹಾಕಿಕೊಂಡೆ.

"ಎಲ್ಲಿ, ಎತ್ತವ್ವ ಕೈಯ."

ಎಲ್ಲೂ ಎಳೆಯಲಿಲ್ಲ. ಕನ್ನಡಿ ನೋಡಿದೆ. ತೋಳು ಎರಡೂ ಒಂದೇ ಸಮ ಇಲ್ಲ. ಎರಡೂ ನನಗೆ ಸರಿಯಾಗಿವೆ.

"ಹೆಂಗೈತೆ?"

"ಸರಿಯಾಗಿದೆ."

"ಅಷ್ಟೇನಾ? ಅಷ್ಟು ಬುಕ್ಕು ಓದ್ತೀಯ, ಒಂದು ಮಾತು ಜಾಸ್ತಿ ಇಲ್ವಾ?"

ಇತ್ತು. ಇಲ್ಲಿ ಬರೆಯುತ್ತೇನೆ: ಇಷ್ಟು ಗಮನವಿಟ್ಟು ನನ್ನನ್ನು ಯಾರೂ ಓದಿರಲಿಲ್ಲ.

ಜನವರಿ 6, ಸೋಮವಾರ. ಹನ್ನೊಂದು ಗಂಟೆ, ಲೈಬ್ರರಿ

ಏಳೂವರೆ ಬಸ್ಸಿಗೇ ಬಂದೆ. ಕಿಟಕಿ ಪಕ್ಕದ ಸೀಟು, ಚಳಿ ಗೊತ್ತಾಗಲಿಲ್ಲ. ಸ್ಟಾಫ್ ರೂಮಿನಲ್ಲಿ ನಾಲ್ವರು ನೋಡಿದರು. ಒಬ್ಬರು ಸ್ವೆಟರ್ ಎಲ್ಲಿ ತಗೊಂಡ್ರಿ ಎಂದರು. ಎದುರುಮನೆಯಲ್ಲಿ ಎಂದೆ.

ವಾಪಸ್ ಬಂದ ಪುಸ್ತಕಗಳ ರಾಶಿ. "ಮೇಲಿಂದು ನಾನಿಡ್ತೀನಿ ಬಿಡ್ರಿ ಮೇಡಂ" ಎಂದ ಅಟೆಂಡರ್ ದುರ್ಗೇಶ್. ನಾಲ್ಕನೆಯ ಹಲಗೆಯವರೆಗೆ ಎಡಗೈ ಹೋಯಿತು. ಐದನೆಯದು ಮನೆಯ ಗೋಡೆಯ ಗೆರೆಗಿಂತ ಎರಡು ಇಂಚು ಮೇಲಿರಬಹುದು.

ದುರ್ಗೇಶ್ ಟೀಗೆ ಹೋಗಿದ್ದಾನೆ. ಐದನೆಯ ಹಲಗೆಯದು ಒಂದು ಪುಸ್ತಕ ಉಳಿದಿದೆ. ತೆಳ್ಳನೆಯದು. ಅದನ್ನು ಇಟ್ಟು ಬಂದು ಮುಂದಿನ ಸಾಲು ಬರೆಯುತ್ತೇನೆ.